ವಿಯೆಟ್ನಾಂನಲ್ಲಿ ಒಂಟಿ ಸೈಕಲ್ ಸವಾರಿ: ಸುಸ್ತಾದರೂ ಬಸ್ಸು ಹತ್ತಬೇಡಿ

ಹನೋಯ್‌ನಿಂದ ಸೈಗಾನ್‌ವರೆಗೆ (ಈಗಿನ ಹೋ ಚಿ ಮಿನ್ ನಗರ) ಒಬ್ಬನೇ ಸೈಕಲ್ ತುಳಿಯುತ್ತೇನೆ ಅಂದಾಗ ಎಲ್ಲರೂ ಹೆದರಿಸಿದ್ದು ಘಾಟಿ, ಲಾರಿ, ನಾಯಿಗಳ ಹೆಸರು ಹೇಳಿ. ಕೊನೆಗೆ ನನ್ನ ದುಡ್ಡು ಹೋಗಿದ್ದು, ಸೈಕಲ್ ಕೆಟ್ಟಿದ್ದು, ನಡುರಾತ್ರಿ ರಸ್ತೆಯಲ್ಲಿ ನಿಂತಿದ್ದು ಇವ್ಯಾವುದರಿಂದಲೂ ಅಲ್ಲ. ತುಳಿಯಲು ಬೇಜಾರಾಗಿ ಒಂದು ಬಸ್ಸು ಹತ್ತಿದೆ ನೋಡಿ, ಅದರಿಂದ.

ಹೊರಟಿದ್ದು ಫೆಬ್ರವರಿ ಕೊನೆಯಲ್ಲಿ. ಅವರ ಹೊಸ ವರ್ಷ ಟೆಟ್ ಆಗಷ್ಟೇ ಮುಗಿದಿತ್ತು. ಟೆಟ್ ವಾರದಲ್ಲಿ ಮಾತ್ರ ಹೋಗಬೇಡಿ, ಊಟದಂಗಡಿಗಳೇ ಮುಚ್ಚಿರುತ್ತವೆ. ಆ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಈಶಾನ್ಯದಿಂದ ಬೀಸುತ್ತದೆ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ಹೋಗುವುದೇ ಜಾಣತನ. ದಾರಿಯಲ್ಲಿ ಎದುರಿನಿಂದ ತುಳಿದುಕೊಂಡು ಬಂದ ಇಬ್ಬರ ಮುಖ ನೋಡಿಯೇ ಈ ಮಾತು ನನಗೆ ಖಾತ್ರಿಯಾಯಿತು. ಆದರೆ ಉತ್ತರದಲ್ಲಿ ಆಗ ಸೋನೆ ಮಳೆ. ಜೋರಾಗಿ ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ಮೂರನೇ ದಿನಕ್ಕೆ ನನ್ನ ಚೈನು ಕೆಂಪಗಾಗಿತ್ತು.

ಮಳೆಗಿಂತ ದೊಡ್ಡ ತಪ್ಪು ನಾನು ಹಿಡಿದ ದಾರಿ. ನಕ್ಷೆಯಲ್ಲಿ ನೇರ ಕಂಡಿತು ಅಂತ ಹೆದ್ದಾರಿ 1 ಹಿಡಿದೆ. ಇಡೀ ದೇಶದ ಸರಕು ಹೋಗುವುದೇ ಅದರಲ್ಲಿ. ಅಂಚಿನಲ್ಲಿ ಬೈಕು, ಸೈಕಲ್‌ಗಳಿಗೆ ಜಾಗ ಇದೆ, ನಿಜ. ಆದರೆ ಬಸ್ಸುಗಳ ಏರ್ ಹಾರ್ನ್ ಕಿವಿಯ ಪಕ್ಕದಲ್ಲೇ ಬಡಿಯುತ್ತದೆ. ನನಗೆ ಸದ್ದು ಅಂದರೆ ಆಗುವುದಿಲ್ಲ, ಅದನ್ನು ಗಮನದಲ್ಲಿಟ್ಟುಕೊಂಡೇ ಈ ಬರಹ ಓದಿ. ಹನೋಯ್‌ನಿಂದ ಸುಆನ್ ಮಾಯ್ ಕಡೆ ತಿರುಗಿ ಹೋ ಚಿ ಮಿನ್ ರಸ್ತೆ ಹಿಡಿದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಏರಿಳಿತ ಜಾಸ್ತಿ, ವಾಹನ ಕಡಿಮೆ. ಇನ್ನೊಂದು ಮಾತು, ಎಕ್ಸ್‌ಪ್ರೆಸ್‌ವೇಗಳಿಗೆ ಸೈಕಲ್ ಬಿಡುವುದಿಲ್ಲ. ಫೋನು ಅತ್ತ ಕಳಿಸಿದರೆ ನಂಬಬೇಡಿ.

ವಿನ್ ಪಟ್ಟಣ ತಲುಪುವಷ್ಟರಲ್ಲಿ ಸಾಕಾಗಿ ಹೋಗಿತ್ತು. ಅಲ್ಲಿಂದ ಡಾಂಗ್ ಹೋಯ್ ಊರು ಸುಮಾರು 200 ಕಿ.ಮೀ. ನಾನಿದ್ದ ಹೋಟೆಲಿನವನೇ ರಾತ್ರಿ ಬಸ್ಸಿನ ಟಿಕೆಟ್ ಮಾಡಿಸಿದ. ಸೈಕಲ್ಲೂ ಸೇರಿ 350,000 ಡಾಂಗ್ (ಅಲ್ಲಿನ ದುಡ್ಡಿನ ಹೆಸರೂ ಡಾಂಗ್). ಎಲ್ಲ ಸೇರಿತಾ ಅಂತ ಎರಡು ಸಲ ಕೇಳಿದೆ. ಎರಡು ಸಲವೂ ತಲೆ ಆಡಿಸಿದ.

ಬಸ್ಸು ಬಂದದ್ದು ಒಂದೂವರೆ ಗಂಟೆ ತಡವಾಗಿ. ಕಂಡಕ್ಟರ್ ಸೈಕಲ್ ಕಸಿದುಕೊಂಡು ಕೆಳಗಿನ ಲಗೇಜು ಗೂಡಿಗೆ ತುರುಕಿದ. ಅಲ್ಲಿ ಮೀನಿನ ಥರ್ಮೋಕೋಲ್ ಪೆಟ್ಟಿಗೆಗಳಿದ್ದವು, ನೀರು ಸೋರುತ್ತಿತ್ತು. ಅವನು ಸೈಕಲ್ ಮೇಲೆ ಇನ್ನೂ ನಾಲ್ಕು ಮೂಟೆ ಹಾಕಿದ. ನಾನು ಬೂಟು ಬಿಚ್ಚಿ, ಅವರು ಕೊಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಮಲಗುವ ಸೀಟಿಗೆ ಹತ್ತಿದೆ. ನನ್ನ ಉದ್ದದವರಿಗೆ ಮಾಡಿದ ಸೀಟಲ್ಲ ಅದು. ಮಂಡಿ ಮಡಚಿಕೊಂಡೇ ಮಲಗಬೇಕು. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ: 300,000. ಸೈಕಲ್‌ಗೆ. ಕೊಡಲ್ಲ ಅಂದೆ. ನಗುತ್ತಾ ಹೊರಗಿನ ಕತ್ತಲೆಗೆ ಬೆರಳು ತೋರಿಸಿದ. ಕೊಟ್ಟೆ, ಇನ್ನೇನು ಮಾಡಲಿ?

ಎಬ್ಬಿಸಿದಾಗ ಬೆಳಗಿನ ಜಾವ ಎರಡೂವರೆ. ಇಳಿಸಿದ್ದು ಊರಿನಲ್ಲಲ್ಲ, ಬೈಪಾಸಿನಲ್ಲಿ. ಸೈಕಲ್ ಹತ್ತಿ ತುಳಿದರೆ ಗೇರು ಬದಲಿಸುವ ಹಿಂದಿನ ಡಿರೇಲರ್ ಒಳಕ್ಕೆ ಬಗ್ಗಿ ಚಕ್ರದ ಕಡ್ಡಿಗೆ ತಾಗುತ್ತಿದೆ. ಅದನ್ನು ಹಿಡಿದಿಡುವ ಹ್ಯಾಂಗರ್ ಅನ್ನುವ ಸಣ್ಣ ಅಲ್ಯೂಮಿನಿಯಂ ತುಂಡೇ ಮಣಿದಿತ್ತು. ಊರೊಳಗಿನವರೆಗೆ ತಳ್ಳಿಕೊಂಡು ಹೋದೆ. ಮೈಯೆಲ್ಲ ಮೀನಿನ ವಾಸನೆ.

ಈ ಹ್ಯಾಂಗರ್ ಒಂದೊಂದು ಸೈಕಲ್‌ಗೆ ಒಂದೊಂದು ಆಕಾರ. ಅಲ್ಲಿನ ಅಂಗಡಿಯಲ್ಲಿ ನಿಮ್ಮದೇ ಸಿಗುತ್ತದೆ ಅನ್ನುವ ಆಸೆ ಬೇಡ. ಹೊರಡುವ ಮುಂಚೆ ಒಂದು ಹೆಚ್ಚುವರಿ ಕೊಂಡು ಚೀಲದ ತಳದಲ್ಲಿ ಹಾಕಿಡಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ನನ್ನ ಹತ್ತಿರ ಮೂರು ಟ್ಯೂಬ್ ಇತ್ತು, ಇದಿರಲಿಲ್ಲ. ಬೆಳಿಗ್ಗೆ ಒಂದು ಬೈಕ್ ರಿಪೇರಿ ಅಂಗಡಿಯ ಅಜ್ಜ ಸ್ಪ್ಯಾನರ್ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ ನೋಡಿ, ನಿಧಾನಕ್ಕೆ ಎಳೆದು ನೆಟ್ಟಗೆ ಮಾಡಿದರು. ತೆಗೆದುಕೊಂಡದ್ದು 30,000 ಡಾಂಗ್. ಇಂಥ ಅಂಗಡಿಗಳಿಗೆ ‘ಸುಆ ಸೆ’ ಅಂತ ಬೋರ್ಡು ಇರುತ್ತದೆ. ರಸ್ತೆ ಪಕ್ಕ ಹಳೇ ಟೈರು ನೇತು ಹಾಕಿದ್ದರೆ ಅಲ್ಲಿ ಗಾಳಿ ಹೊಡೆಯುತ್ತಾರೆ ಅಂತ ಅರ್ಥ. ಆದರೆ ಅವರ ಪಂಪು ಬೈಕಿನ ವಾಲ್ವ್‌ಗೆ ಹೊಂದುವಂಥದ್ದು. ನಿಮ್ಮದು ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆದರೆ ಅಡಾಪ್ಟರ್ ಇಟ್ಟುಕೊಳ್ಳಿ.

ತುಳಿಯಲು ಆಗಲೇ ಇಲ್ಲ ಅಂದರೆ ರೈಲು ಇದೆ. ಸೈಕಲ್ಲನ್ನು ಸ್ಟೇಷನ್ನಿನ ಸರಕು ಕೌಂಟರಿನಲ್ಲಿ ಕೊಟ್ಟು ರಸೀದಿ ತಗೊಳ್ಳಬೇಕು. ನೀವು ಹೋಗುವ ರೈಲಿನಲ್ಲೇ ಅದೂ ಬರುತ್ತದೆ ಅಂತೇನಿಲ್ಲ, ಒಂದು ದಿನ ಕಾಯಬೇಕಾಗಬಹುದು. ಕಾಯಿರಿ.

ಡಾಂಗ್ ಹೋಯ್ ಆದ ಮೇಲೆ ಪ್ರವಾಸ ಬೇರೆಯೇ ಆಯಿತು. ಫಾಂಗ್ ನ್ಯಾದಿಂದ ಖೇ ಸಾನ್‌ವರೆಗಿನ ಹೋ ಚಿ ಮಿನ್ ರಸ್ತೆಯ ಪಶ್ಚಿಮ ಕವಲು 200 ಕಿ.ಮೀ.ಗೂ ಜಾಸ್ತಿ. ಕಾಂಕ್ರೀಟ್ ರಸ್ತೆ, ಎರಡೂ ಕಡೆ ಕಾಡು, ಸುಣ್ಣಕಲ್ಲಿನ ಬೆಟ್ಟ. ಮೊದಲ ದಿನ ನಾನು ಎಣಿಸಿದ್ದು ಹದಿನೇಳು ವಾಹನ. ಊಟ, ನೀರು, ಫೋನಿನ ಸಿಗ್ನಲ್ ಯಾವುದನ್ನೂ ನೆಚ್ಚಿಕೊಳ್ಳಬೇಡಿ. ನಡುವೆ ಲಾಂಗ್ ಸನ್ ಹಳ್ಳಿಯಲ್ಲಿ ಉಳಿಯಬಹುದು, ಅದು ಸಿಗುವುದು ಸಂಜೆಗೇ. ಐದು ಲೀಟರ್ ನೀರು ಹೊತ್ತಿದ್ದೆ, ಎಲ್ಲ ಖಾಲಿಯಾಯಿತು. ಏರು ಕೆಲವು ಕಡೆ ಎಷ್ಟು ಕಡಿದು ಅಂದರೆ ಇಳಿದು ತಳ್ಳಿದೆ. ಒಬ್ಬರೇ ಇರಲು ಹೆದರುವವರಿಗೆ ಈ ದಾರಿ ಬೇಡ. ನನಗಂತೂ ಇಡೀ ದೇಶದಲ್ಲಿ ಇನ್ನೊಮ್ಮೆ ತುಳಿಯಬೇಕು ಅನ್ನಿಸಿದ್ದು ಇದೊಂದೇ.

ಮಲಗಲು ಹೋಟೆಲ್ ಹುಡುಕುವ ಬದಲು ‘ಞಾ ಙಿ’, ಅಂದರೆ ಸಣ್ಣ ತಂಗುಮನೆಯ ಬೋರ್ಡು ನೋಡಿ. ಮೊದಲ ಪದದ್ದು ಞ, ಎರಡನೆಯದ್ದು ಙ. ಶಾಲೆಯಲ್ಲಿ ಕಲಿತು ಮರೆತ ಎರಡೂ ಅಕ್ಷರ ನನಗೆ ಉಪಯೋಗಕ್ಕೆ ಬಂದದ್ದು ಅಲ್ಲೇ! ಸಣ್ಣ ಊರಿನಲ್ಲೂ ಒಂದಾದರೂ ಇರುತ್ತದೆ. ನಾನು ಕೊಟ್ಟದ್ದು 200,000ದಿಂದ 250,000 ಡಾಂಗ್. ಸೈಕಲ್ ಒಳಗೇ ಬಿಡುತ್ತಾರೆ. ಗಂಟೆ ಲೆಕ್ಕದಲ್ಲೂ ರೂಮು ಕೊಡುವ ಜಾಗ ಅವು, ಗೋಡೆ ತೆಳು, ಕಿವಿಗೆ ಹತ್ತಿ ಇರಲಿ. ಕಿವಿಗೆ ಹತ್ತಿಟ್ಟರೂ ಬೆಳಗಿನ ಐದಕ್ಕೆ ಹಳ್ಳಿಯ ಧ್ವನಿವರ್ಧಕ ಎಬ್ಬಿಸುತ್ತದೆ.

ಊಟದ ವಿಷಯ. ನಾನು ಸಸ್ಯಾಹಾರಿ. ಮೊದಲ ವಾರ ಬಾಳೆಹಣ್ಣು, ಬ್ರೆಡ್ಡು, ಕಾಫಿಯಲ್ಲೇ ಕಳೆದೆ. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸು ಬೀಳುತ್ತದೆ. ಆಮೇಲೆ ಗೊತ್ತಾಯಿತು, ಕೇಳಬೇಕಾದ ಮಾತು ‘ಚಾಯ್’. ಅಲ್ಲಿ ಚಾಯ್ ಅಂದರೆ ಟೀ ಅಲ್ಲ, ಸಸ್ಯಾಹಾರ. ಬೌದ್ಧರು ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು. ಅವತ್ತು ಎಲ್ಲೆಲ್ಲೂ ಚಾಯ್ ಊಟ.

ಹ್ವೆ ಪಟ್ಟಣ ಇದಕ್ಕೆ ಹೆಸರುವಾಸಿ. ಅಲ್ಲಿ ಒಂದು ಪಗೋಡದ ಹಿಂದಿನ ಗಲ್ಲಿಯಲ್ಲಿ, ಬೋರ್ಡೂ ಇಲ್ಲದ ಮನೆಯ ಮುಂಭಾಗದಲ್ಲಿ, ಒಬ್ಬ ಅಕ್ಕ ಅಡುಗೆ ಬಡಿಸುತ್ತಾರೆ. ಅಲ್ಲೂ ನಮ್ಮ ಹಾಗೇ, ಗುರುತಿಲ್ಲದವರನ್ನೂ ಅಕ್ಕ, ಅಣ್ಣ ಅಂತಲೇ ಕರೆಯುವುದು. ಅಕ್ಕನಿಗೆ ‘ಚಿ’. ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ತಟ್ಟೆ, ಬೆರಳು ತೋರಿಸಿದರೆ ಸಾಕು. ಬಿಸಿ ಅನ್ನ, ಟೊಮೆಟೊದಲ್ಲಿ ಬೇಯಿಸಿದ ತೋಫು, ಲೆಮನ್‌ಗ್ರಾಸ್ ಮೆಣಸಿನಕಾಯಿ ಹಾಕಿ ಹುರಿದ ಅಣಬೆ, ಎಳೇ ಹಲಸಿನಕಾಯಿ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಸೊಪ್ಪು, ಒಂದು ಬಟ್ಟಲು ತಿಳಿಸಾರು. ಹಲಸಿನಕಾಯಿಯನ್ನು ಬಾಯಿಗಿಟ್ಟು ಎರಡು ನಿಮಿಷ ಸುಮ್ನೆ ಕೂತಿದ್ದೆ. ಅನ್ನ ಎಷ್ಟು ಸಲ ಕೇಳಿದರೂ ಹಾಕಿದರು, ಮೂರನೇ ಸಲ ತಾವೇ ಪಾತ್ರೆ ತಂದಿಟ್ಟರು. ಐಸ್ ಹಾಕಿದ ಟೀ ಪುಕ್ಕಟೆ. ಒಟ್ಟು 25,000 ಡಾಂಗ್. ಮುಂದಿನ ಊರಿಗೆ ಹೋಗುವುದು ಬಿಟ್ಟು ಮೂರು ದಿನ ಅಲ್ಲೇ ಇದ್ದೆ. ಆರು ಹೊತ್ತು ಅಲ್ಲೇ ಉಂಡೆ. ಹ್ವೆಯ ಅರಮನೆ ನೋಡಿದೆಯಾ ಅಂತ ಕೇಳಬೇಡಿ.

ದುಡ್ಡು ಕೊಡುವಾಗ ಒಂದು ಎಚ್ಚರ. 20,000 ಮತ್ತು 500,000 ನೋಟು ಎರಡೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ಮಬ್ಬು ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನಾನು ಒಂದು ಕಬ್ಬಿನ ಹಾಲಿನ ಗಾಡಿಯಲ್ಲಿ ದೊಡ್ಡದನ್ನು ಕೊಟ್ಟು ಹೊರಟಿದ್ದೆ, ಆ ಹುಡುಗಿ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದು ವಾಪಸ್ ಕೊಟ್ಟಳು. ಎಲ್ಲರೂ ಹಾಗಿರುವುದಿಲ್ಲ, ಬಸ್ಸಿನವನು ಇದ್ದನಲ್ಲ. 500,000 ನೋಟುಗಳನ್ನು ಬೇರೆ ಜೇಬಿನಲ್ಲಿಡಿ.

ಹಾಯ್ ವಾನ್ ಘಾಟಿಗೆ ಸುಮ್ನೆ ಹೆದರಿದ್ದೆ. 496 ಮೀಟರ್ ಎತ್ತರ ಅಷ್ಟೇ. 2005ರಲ್ಲಿ ಕೆಳಗೆ ಸುರಂಗ ಆದ ಮೇಲೆ ಲಾರಿಗಳು ಅದರೊಳಗೆ ಹೋಗುತ್ತವೆ. ಮೇಲೆ ಬೈಕುಗಳು, ಪೆಟ್ರೋಲ್ ಟ್ಯಾಂಕರ್‌ಗಳು, ನಾವು. ತುದಿಯ ಅಂಗಡಿಯವರು ಕೈ ಹಿಡಿದೆಳೆಯುತ್ತಾರೆ, ನೀರು ಕೆಳಗಿನಿಂದಲೇ ತುಂಬಿಸಿಕೊಂಡು ಹೋಗಿ. ಆಮೇಲಿನ ಹೋಯ್ ಆನ್‌ನಲ್ಲಿ ಅರ್ಧ ದಿನ ಇದ್ದೆ. ಜನಜಂಗುಳಿ. ಸಂತೆ ಇಷ್ಟಪಡುವವರಿಗೆ ಹಿಡಿಸಬಹುದು.

ಅಲ್ಲಿಂದ ದಕ್ಷಿಣದ ಹತ್ತು ದಿನ ಕರಾವಳಿ, ಬಿಸಿಲು, ಮಧ್ಯಾಹ್ನ ಜೋಲಿ ಕಟ್ಟಿದ ಕಾಫಿ ಅಂಗಡಿಗಳಲ್ಲಿ ನಿದ್ದೆ. ಒಂದು ಕಾಫಿ ಕೊಂಡರೆ ಎರಡು ಗಂಟೆ ಮಲಗಿದರೂ ಯಾರೂ ಎಬ್ಬಿಸುವುದಿಲ್ಲ.

ಸೈಗಾನ್ ಒಳಗೆ ಹೋಗುವುದಕ್ಕೆ ಮಾತ್ರ ಹೆದ್ದಾರಿ ಹಿಡಿಯಬೇಡಿ. ಕರಾವಳಿಯಲ್ಲೇ ವುಂಗ್ ತಾವ್‌ವರೆಗೆ ಬನ್ನಿ. ಅಲ್ಲಿಂದ ಕಾನ್ ಜ಼ೋಗೆ ವಾಹನಗಳನ್ನು ಸಾಗಿಸುವ ಫೆರಿ ಇದೆ, ಸೈಕಲ್ ತಳ್ಳಿಕೊಂಡು ಹತ್ತಬಹುದು. ಆಚೆ ದಡದಲ್ಲಿ ಮ್ಯಾಂಗ್ರೋವ್ ಕಾಡಿನ ನಡುವೆ ಅಗಲವಾದ, ಸಪಾಟಾದ ರಸ್ತೆ. ಮಂಗಗಳಿವೆ, ಬಾಳೆಹಣ್ಣು ಕ್ಯಾರಿಯರ್ ಮೇಲೆ ಕಾಣುವಂತೆ ಕಟ್ಟಬೇಡಿ, ನನ್ನದು ಹೋಯಿತು. ಕೊನೆಗೆ ಬಿನ್ ಖಾನ್‌ನಲ್ಲಿ ಇನ್ನೊಂದು ಫೆರಿ ದಾಟಿದರೆ ನೀವು ಸೈಗಾನ್‌ನ ದಕ್ಷಿಣ ಅಂಚಿನಲ್ಲಿ ಇರುತ್ತೀರಿ. ಬೆಳಿಗ್ಗೆ ಬೇಗ ದಾಟಿ. ಹತ್ತು ಗಂಟೆಗೆ ಹೋದ ನಾನು ಸಾವಿರ ಬೈಕುಗಳ ಹೊಗೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ.