ಬೆಳ್ಳಿ ಒಳಲೆ: ಕೆಲಸವೆಲ್ಲ ಮೂತಿಯಲ್ಲಿದೆ

ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಬಟ್ಟಲೇ ಒಳಲೆ. ಅದು ಅಂಗೈಯಲ್ಲಿ ಕೂರುವಷ್ಟು ಚಿಕ್ಕದು ಎಂದು ಕಲಿಯಲು ಬಂದ ಹುಡುಗರಿಗೆ ಮೊದಲೇ ಕೊಡುವುದುಂಟು. ಕೊಡಬಾರದು. ಚೊಂಬು ತುಸು ಓರೆಯಾದರೂ ಬಳಕೆಗೆ ಬರುತ್ತದೆ. ಒಳಲೆಯ ಮೂತಿ ಹದ ತಪ್ಪಿದರೆ ಹಾಲು ಒಮ್ಮೆಗೇ ನುಗ್ಗಿ ಕೂಸಿನ ನೆತ್ತಿಗೆ ಹತ್ತುತ್ತದೆ.

ಇದನ್ನು ಬೆಸುಗೆಯಿಲ್ಲದೆ ಒಂದೇ ತಗಡಿನಲ್ಲಿ ಮಾಡಬೇಕು. 925ರ ಬೆಳ್ಳಿ (ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರ), 0.9 ಮಿ.ಮೀ. ದಪ್ಪ ಸಾಕು. ಅಪ್ಪಟ ಬೆಳ್ಳಿ ಬೇಗ ಕಪ್ಪಾಗುವುದಿಲ್ಲ ನಿಜ, ಆದರೆ ಮೆತ್ತಗಿರುವುದರಿಂದ ಮೂತಿ ಸುಲಭವಾಗಿ ಸೊಟ್ಟಗಾಗುತ್ತದೆ. ತಗಡನ್ನು 6 ಸೆಂ.ಮೀ. ವ್ಯಾಸದ ದುಂಡು ತಲೆ, ಅದರಿಂದ ಹೊರಟ 4.5 ಸೆಂ.ಮೀ. ಉದ್ದದ ನಾಲಿಗೆ ಬರುವಂತೆ ಕತ್ತರಿಸಿ. ನಾಲಿಗೆ ಬುಡದಲ್ಲಿ 2.2 ಸೆಂ.ಮೀ., ತುದಿಯಲ್ಲಿ 1.2 ಸೆಂ.ಮೀ. ಅಗಲ. ತೂಕ ಸುಮಾರು 34 ಗ್ರಾಂ ಬರುತ್ತದೆ. ತಲೆಗೂ ನಾಲಿಗೆಗೂ ನಡುವೆ ಚೂಪು ಮೂಲೆ ಬಿಡದೆ ಬಳುಕಾಗಿ ತೆಗೆಯಿರಿ, ಬಿರುಕು ಮೊದಲು ಏಳುವುದು ಅಲ್ಲೇ. ಕತ್ತರಿಯ ಕಚ್ಚು ಉಳಿಯದಂತೆ ಅಂಚಿಗೆಲ್ಲ ಅರ ಹಾಕಿ.

ಬಡಿಯುವ ಮೊದಲು ತಗಡನ್ನು ಕಾಯಿಸಿ ಮೆತ್ತಗೆ ಮಾಡಬೇಕು. 600ರಿಂದ 650 ಡಿಗ್ರಿ ಸೆಲ್ಸಿಯಸ್ ಸಾಕು. ನೆರಳಿನಲ್ಲಿಟ್ಟರೆ ಮಂದ ಕೆಂಪು ಕಾಣುತ್ತದೆ. ಬಿಸಿಲಿನಲ್ಲಿ ಕಾಯಿಸಿದರೆ ಆ ಕೆಂಪು ಕಾಣದೆ ಶಾಖ ಮೀರಿಹೋಗುತ್ತದೆ. ನಾಲಿಗೆ ಕಿರಿದಾದ್ದರಿಂದ ಅದು ಮೊದಲು ಕೆಂಪೇರುತ್ತದೆ, ಹಾಗಾಗಿ ಜ್ವಾಲೆಯನ್ನು ತಲೆಯ ಕಡೆಯಿಂದ ತನ್ನಿ. 800 ಡಿಗ್ರಿಯ ಆಸುಪಾಸಿನಲ್ಲಿ 925 ಕರಗಲು ಶುರುವಾಗುತ್ತದೆ. ಕರಗದಿದ್ದರೂ ಅತಿ ಕಾದ ಬೆಳ್ಳಿಯ ಒಳಗಿನ ಕಣ ದೊಡ್ಡದಾಗಿ, ಬಡಿದಾಗ ಮೈ ಕಿತ್ತಳೆ ಸಿಪ್ಪೆಯಂತೆ ಏಳುತ್ತದೆ. ಕೆಂಪು ಆರಿದ ಮೇಲೆ ನೀರಿಗೆ, ಆಮೇಲೆ ಹತ್ತು ಪಾಲಿನಲ್ಲಿ ಒಂದು ಪಾಲು ಗಂಧಕಾಮ್ಲ ಇರುವ ಆಸಿಡ್ ನೀರಿಗೆ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗಲ್ಲ. ಅದರೊಳಗೆ ಕಬ್ಬಿಣದ ಇಕ್ಕಳ ಹೋಯಿತೋ, ಕರಗಿದ್ದ ತಾಮ್ರವೆಲ್ಲ ಬೆಳ್ಳಿಯ ಮೇಲೆ ಕೂರುತ್ತದೆ. ತಾಮ್ರದ ಇಕ್ಕಳವೇ ಬೇಕು.

ಹುಣಸೆ ಕೊರಡಿನಲ್ಲಿ ತೋಡಿದ ಗುಳಿಯಲ್ಲಿ ತಗಡಿಟ್ಟು ಗುಂಡು ಮುಖದ ಸುತ್ತಿಗೆಯಿಂದ ಹೊರಗಿನಿಂದ ಒಳಕ್ಕೆ ಸುತ್ತುಸುತ್ತಾಗಿ ಬಡಿಯುತ್ತ ಬನ್ನಿ. ನಡುವಿನಿಂದ ಶುರುಮಾಡಿದರೆ ತಳ ತೆಳ್ಳಗಾಗುತ್ತದೆ. ಅಂಚಿನಲ್ಲಿ ನಿರಿಗೆ ಎದ್ದರೆ ಆಗಲೇ ಮರದ ಕೊಡತಿಯಿಂದ ತಟ್ಟಿ ಇಳಿಸಿ. ನಿರಿಗೆಯ ಮೇಲೆ ನಿರಿಗೆ ಮಡಚಿಕೊಂಡರೆ ಅದು ಬಿರುಕೇ. ಮುಂದೆ ಎಷ್ಟು ಕಾಯಿಸಿದರೂ ಕೂಡುವುದಿಲ್ಲ. ಮೂರ್ನಾಲ್ಕು ಸುತ್ತಿನಲ್ಲಿ 18 ಮಿ.ಮೀ. ಆಳ ಬರುತ್ತದೆ, ಪ್ರತಿ ಸುತ್ತಿಗೂ ಕಾಯಿಸಬೇಕು. ಜೊತೆಗೆ ಅಂಚನ್ನು ಮೇಲಿನಿಂದ ನೇರ ತಟ್ಟಿ 1.2 ಮಿ.ಮೀ.ಗೆ ದಪ್ಪ ಮಾಡಿ. ತೆಳು ತಗಡಿಗೆ ಗಟ್ಟಿತನ ಬರಲೆಂದು ಅಂಚನ್ನು ಹೊರಕ್ಕೆ ಮಡಚುವವರಿದ್ದಾರೆ. ಆ ಮಡಿಕೆಯಲ್ಲಿ ಹಾಲು ನಿಂತು ಹುಳಿಯಾಗುತ್ತದೆ, ತೊಳೆಯಲು ದಾರಿಯೇ ಇಲ್ಲ.

ಇನ್ನು ಮೂತಿ. ಮರದಲ್ಲಿ ಕೊರೆದ ದುಂಡು ತಳದ ತೋಡಿನಲ್ಲಿ ನಾಲಿಗೆಯನ್ನಿಟ್ಟು ಕಿರಿ ಮುಖದ ಸುತ್ತಿಗೆಯಿಂದ ಇಳಿಸಿ. ಒಳ ಅಗಲ ತುದಿಯಲ್ಲಿ 6–7 ಮಿ.ಮೀ. ಇರಲಿ. ತಳ ಚೂಪಾದರೆ ಸಂದಿಯಲ್ಲಿ ಹಾಲು ಉಳಿಯುತ್ತದೆ. ಮೂತಿಯ ತಳ ಬಟ್ಟಲಿನ ತಳಕ್ಕಿಂತ 8 ಮಿ.ಮೀ. ಮೇಲೆ ಹೊರಟು, ತುದಿಯಲ್ಲಿ ಅಂಚಿಗಿಂತ 3 ಮಿ.ಮೀ. ಕೆಳಗೆ ನಿಲ್ಲಬೇಕು. ಆಗ ಮಟ್ಟವಾಗಿ ಹಿಡಿದರೆ ಸುಮಾರು 15 ಮಿ.ಲೀ. ಹಾಲು ಚೆಲ್ಲದೆ ನಿಲ್ಲುತ್ತದೆ, ಎಂದರೆ ಮೂರು ಚಹಾ ಚಮಚ. ಬಟ್ಟಲೂ ಮೂತಿಯೂ ಸೇರುವ ಕಡೆ ಒಳಗೆ ಬೆರಳಾಡಿಸಿ. ಉಬ್ಬು ಸಿಕ್ಕಿದರೆ ಹಾಲು ಅದರ ಹಿಂದೆ ತಡೆದು, ಪಾತ್ರೆ ಇನ್ನಷ್ಟು ಬಾಗಿದಾಗ ಒಮ್ಮೆಗೇ ಹರಿಯುತ್ತದೆ. ಕಣ್ಣಿಗೆ ಕಾಣದ ಉಬ್ಬನ್ನು ನೀರು ತೋರಿಸುತ್ತದೆ: ನಿಧಾನ ಬಗ್ಗಿಸಿ, ಮೊದಲು ಹನಿ, ಆಮೇಲೆ ಕಡಿಯದ ಸಣ್ಣ ಎಳೆ ಬರಬೇಕು.

ತುದಿ ಚೂಪಾಗಿದ್ದಷ್ಟೂ ಹನಿ ಕಡಿದು ಬೀಳುತ್ತದೆ, ಗಿಂಡಿಗೆ ಅದೇ ಸರಿ. ಒಳಲೆಗೆ ಸಲ್ಲದು. ಕೆಳಗೆ ಜಾರಿದ ಹನಿಯನ್ನು ಬಟ್ಟೆಯಲ್ಲಿ ಒರೆಸಬಹುದು, ಗೀರಿದ ವಸಡಿಗೆ ಏನು ಮಾಡುವುದು? ಒಳಗೂ ಹೊರಗೂ ದುಂಡು ಮಾಡಿ, ಹತ್ತಿಯ ಎಳೆಯನ್ನು ಅಂಚಿನ ಸುತ್ತ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮತ್ತೆ ಉಜ್ಜಿ.

ಕೊನೆಗೆ ಹೊಳಪು ಮುಖದ ಸುತ್ತಿಗೆಯಿಂದ ದುಂಡು ತಲೆಯ ಗೂಟದ ಮೇಲೆ ಮೈ ಮಟ್ಟ ಮಾಡುವುದು. ಬೆಳ್ಳಿ ಗೂಟಕ್ಕೆ ತಾಗಿದ್ದರೆ ಗಟ್ಟಿ ಸದ್ದು ಬರುತ್ತದೆ, ಪೊಳ್ಳು ಸದ್ದು ಬಂದರೆ ಆ ಏಟು ತಗ್ಗು ಮಾಡಿತೆಂದೇ ಅರ್ಥ. ತಳದಲ್ಲಿ 15 ಮಿ.ಮೀ.ಯಷ್ಟು ಚಪ್ಪಟೆ ಮಾಡಿದರೆ ನೆಲದ ಮೇಲಿಟ್ಟಾಗ ಉರುಳದು. ಅಂಟುವಾಳದ ನೀರು, ಹಿತ್ತಾಳೆ ಬ್ರಷ್ಷು ಹೊಳಪಿಗೆ ಸಾಕು. ಪಾಲಿಶ್ ಮೇಣ ಹಚ್ಚಿದರೆ ಮೂತಿಯ ಬುಡದಲ್ಲಿ ಉಳಿಯುತ್ತದೆ.

ನವಿಲಿನ ಹಿಡಿ ಬೇಕೆಂದು ಕೇಳುವ ಗಿರಾಕಿಗಳಿದ್ದಾರೆ. ಮಾಡಲೇಬೇಕಾದರೆ ಬೆಸುಗೆ ಹೊರಮೈಯಲ್ಲಿರಲಿ, ಕೆಡಿಎಂ ಎಂಬ ಕ್ಯಾಡ್ಮಿಯಮ್ ಬೆಸುಗೆಯಂತೂ ಬೇಡವೇ ಬೇಡ. ಅದರಲ್ಲಿರುವ ಕ್ಯಾಡ್ಮಿಯಮ್ ವಿಷ, ಕಾಯಿಸುವಾಗ ಏಳುವ ಅದರ ಹೊಗೆ ಬೆಸೆಯುವವನ ಶ್ವಾಸಕೋಶವನ್ನೂ ಕೆಡಿಸುತ್ತದೆ. ಕೊಡುವಾಗ ಇನ್ನೊಂದು ಮಾತು ಹೇಳಿ: ಕುದಿಯುವ ನೀರಿನಲ್ಲಿ ತೊಳೆಯಬಹುದು, ಕ್ಲೋರಿನ್ ಇರುವ ದ್ರಾವಣದಲ್ಲಿ ಅದ್ದಿಡಬಾರದು, ಬೆಳ್ಳಿಯ ಮೈ ಕಪ್ಪಿಟ್ಟು ಕೆಡುತ್ತದೆ.