ಮೊಲದ ಮರಿಗೆ ಮೊದಲ ಹದಿನೈದು ದಿನ: ಹಾಲಲ್ಲ, ಗಜ್ಜರಿಯಲ್ಲ, ಹುಲ್ಲು

ಮನೆಗೆ ಮೊಲದ ಮರಿ ಬಂದ ದಿನ ಒಬ್ಬರು ಗಜ್ಜರಿ ಹಿಡಿದು ನಿಲ್ಲುತ್ತಾರೆ, ಮಕ್ಕಳು ಬಿಸ್ಕೀಟು, ಚುರಮುರಿ ಹಾಕುತ್ತಾರೆ, ಅಜ್ಜಿ ಬಟ್ಟಲಲ್ಲಿ ಹಾಲು ಇಡುತ್ತಾಳೆ. "ಸಣ್ಣ ಮರಿ ಐತಿ, ಒಂಚೂರು ಹಾಲ ಹಾಕ್ರಿ" ಅನ್ನುವುದರಲ್ಲಿ ಇರುವುದು ಅಕ್ಕರೆಯೇ. ಆದರೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಮೂರು-ನಾಲ್ಕು ದಿನದೊಳಗೆ ಮರಿಗೆ ನೀರಿನಂಥ ಭೇದಿ ಹತ್ತಿ ಅದು ಸತ್ತುಹೋಗುವುದು ಇದರಿಂದಲೇ.

ಕಾರಣ ಹೊಟ್ಟೆಯೊಳಗಿದೆ. ತಾಯಿಯ ಹಾಲು ಕುಡಿಯುವಷ್ಟು ದಿನ ಆ ಹಾಲಿನ ಅಂಶಗಳೇ ಮರಿಯ ಹೊಟ್ಟೆಯಲ್ಲಿ ಕೆಟ್ಟ ಸೂಕ್ಷ್ಮಾಣುಗಳನ್ನು ತಡೆಯುತ್ತವೆ. ಹಾಲು ಬಿಟ್ಟ ಮೇಲೆ ಆ ಕೆಲಸವನ್ನು ಜಠರದ ಹುಳಿ ಮಾಡಬೇಕು. ಒಂದು ಕಾವಲು ಹೋಗಿ ಇನ್ನೊಂದು ಗಟ್ಟಿಯಾಗುವ ನಡುವಿನ ಕಾಲ, ಅಂದರೆ ಸುಮಾರು 4ರಿಂದ 8 ವಾರ, ಮರಿಗೆ ಬಹಳ ನಾಜೂಕು. ಮೊಲದ ದೊಡ್ಡ ಕುರುಡುಕರುಳಿನಲ್ಲಿ (ಕರುಳಿನ ಚೀಲದಂಥ ಭಾಗ) ನಾರನ್ನು ಹುದುಗಿಸುವ ಒಳ್ಳೆಯ ಸೂಕ್ಷ್ಮಾಣುಗಳು ಆಗಷ್ಟೇ ನೆಲೆಯೂರುತ್ತಿರುತ್ತವೆ. ಆಗ ಸಕ್ಕರೆ, ಹಿಟ್ಟಿನ ಪದಾರ್ಥ ಬಿದ್ದರೆ ಬೆಳೆಯುವುದು ಇ. ಕೋಲಿ, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಸೂಕ್ಷ್ಮಾಣುಗಳು. ಅವು ಬಿಡುವ ವಿಷಕ್ಕೆ ಮರಿ ತಾಸುಗಳ ಲೆಕ್ಕದಲ್ಲಿ ಸೋಲುತ್ತದೆ.

ಆದ್ದರಿಂದ ಮೊದಲು ವಯಸ್ಸು ನೋಡಿ. ಎಂಟು ವಾರ ತುಂಬಿದ ಮೇಲೆಯೇ ತಾಯಿಯಿಂದ ಬಿಡಿಸಬೇಕು, ಮಾರಾಟಕ್ಕೆ ಬರುವ ಮರಿಗಳಲ್ಲಿ ಬಹಳಷ್ಟು ಅದಕ್ಕಿಂತ ಸಣ್ಣವು. ಕಣ್ಣು ತೆರೆಯುವುದು 10-12ನೆಯ ದಿನಕ್ಕೆ. ಮೂರು ವಾರಕ್ಕೆ ಕಿವಿ ನಿಮಿರಿ, ಕುಣಿದಾಡುತ್ತ ಹುಲ್ಲು ಕಡಿಯಲು ಶುರು ಮಾಡುತ್ತದೆ. ಅಂಗೈಯಲ್ಲಿ ಮುದುಡಿ ಕೂರುವ ಮರಿಯನ್ನು "ಎರಡು ತಿಂಗಳದ್ದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಸಾಧ್ಯವಿದ್ದರೆ ತಾಯಿಯ ಹತ್ತಿರವೇ ಬಿಟ್ಟು ಬನ್ನಿ.

ಅದು ಆಗದಿದ್ದರೆ, ನಾಲ್ಕು ವಾರದೊಳಗಿನ ಮರಿಗೆ ಹಾಲು ಬೇಕೇ ಬೇಕು. ಆಕಳ ಹಾಲು ಬೇಡ. ಬೆಕ್ಕಿನ ಮರಿಗೆಂದು ಸಿಗುವ ಹಾಲಿನ ಪುಡಿ, ಇಲ್ಲವೇ ಆಡಿನ ಹಾಲು, ಮೈಬಿಸಿಯಷ್ಟು ಬೆಚ್ಚಗೆ. ಎರಡು ವಾರದ ಮರಿಗೆ ಸಲಕ್ಕೆ 12-13 ಮಿ.ಲೀ., ಮೂರು ವಾರ ದಾಟಿದ್ದಕ್ಕೆ 15 ಮಿ.ಲೀ., ದಿನಕ್ಕೆ ಎರಡೇ ಸಲ. ತಾಯಿ ಮೊಲವೂ ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ ಹಾಲೂಡಿಸುತ್ತದೆ. ಸಣ್ಣ ತಳಿಯ ಮರಿಯಾದರೆ ಇನ್ನೂ ಕಡಿಮೆ ಸಾಕು, ಹೊಟ್ಟೆ ಉಬ್ಬುವಷ್ಟು ಕುಡಿಸಬಾರದು. ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಹನಿ ಹನಿ ಬಿಡಿ, ಮರಿ ಹೊಟ್ಟೆ ಕೆಳಗೆ ಮಾಡಿ ಕೂತಿರಲಿ. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ.

ಇನ್ನು ಹುಲ್ಲು. ಎಂಟು ವಾರ ತುಂಬಿದ ಮರಿಗೆ ಮೊದಲ ಹದಿನೈದು ದಿನ ಒಣಹುಲ್ಲು, ನೀರು, ಮಾರಿದವರು ಹಾಕುತ್ತಿದ್ದ ಫೀಡು, ಇಷ್ಟೇ. ಹುಲ್ಲು ದಿನಕ್ಕೆ ಮರಿಯ ಮೈಯಷ್ಟು ದೊಡ್ಡ ರಾಶಿ, ಹಗಲು-ರಾತ್ರಿ ಎದುರಿಗೇ ಇರಬೇಕು. ಬಾಚಿಹಲ್ಲು ವಾರಕ್ಕೆ ಸುಮಾರು 2-3 ಮಿ.ಮೀ. ಬೆಳೆಯುತ್ತದೆ, ಹಲ್ಲುಗಳು ಸಮನಾಗಿ ಸವೆಯಬೇಕಾದರೆ ತಾಸುಗಟ್ಟಲೆ ಹುಲ್ಲು ಅಗಿಯಬೇಕು. ಹೊರದೇಶದ ಟಿಮೊಥಿ ಹುಲ್ಲೇ ಬೇಕೆಂದಿಲ್ಲ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಕೇಂದ್ರವೇ ಇದೆ, ಮೇವಿಗೆ ಬರಗಾಲವಿರುವ ಸೀಮೆಯಲ್ಲ ನಮ್ಮದು. ಮರಿಗೆ ಎಲ್ಲಕ್ಕಿಂತ ಒಳ್ಳೆಯದು ಗರಿಕೆ. ಹೂ ಬಿಡುವ ಮೊದಲು, ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಲ್ಲಿ ತೆಳ್ಳಗೆ ಹರವಿ ದಿನಕ್ಕೆರಡು ಸಲ ಮಗುಚಿ ಒಣಗಿಸಿ. ಎರಡು-ಮೂರು ದಿನಕ್ಕೆ ಮುರಿದರೆ ಟಕ್ ಅನ್ನಬೇಕು, ಬಣ್ಣ ಹಸಿರಾಗಿಯೇ ಉಳಿದು ಒಳ್ಳೆಯ ವಾಸನೆ ಬರಬೇಕು. ಮುಗ್ಗಲು ವಾಸನೆ ಬಂದರೆ ಪೂರಾ ಚೆಲ್ಲಿ, ಚೊಲೋ ಇದ್ದದ್ದನ್ನು ಆರಿಸಿ ಹಾಕುವ ಉಳಿತಾಯ ಬೇಡ.

ಹುಲ್ಲು ಎಲ್ಲಿಯದು ಎಂಬುದೂ ಅಷ್ಟೇ ಮುಖ್ಯ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲ, ಹತ್ತಿ ಹೊಲಗಳ ಬದುವಿನ ಹುಲ್ಲಿನ ಮೇಲೆ ಹೊಡೆದ ಎಣ್ಣೆ (ಕೀಟನಾಶಕ) ಬಿದ್ದಿರುತ್ತದೆ. ರಸ್ತೆ ಪಕ್ಕದ್ದರಲ್ಲಿ ನಾಯಿಯ ಉಚ್ಚೆ, ಗಾಡಿಯ ಹೊಗೆ. ಖಾಲಿ ಪ್ಲಾಟಿನಲ್ಲಿ ಕೊಯ್ದರೆ ಕಾಂಗ್ರೆಸ್ ಕಸ ಸೇರಿಕೊಂಡಿರುತ್ತದೆ, ಒಂದೊಂದೇ ಕಡ್ಡಿ ನೋಡಿ ತೆಗೆಯಿರಿ. ಎಕ್ಕೆ, ಕಣಗಿಲೆ, ದತ್ತೂರಿ ಹತ್ತಿರವೂ ಬರಬಾರದು. ಎಳೆ ಜೋಳದ ಪೈರು ದನಕ್ಕೆ ವಿಷವೆಂದು ನಮ್ಮ ರೈತರಿಗೆ ಗೊತ್ತು, ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಮೊಲಕ್ಕೂ ಅದು ಬೇಡ. ಬಲಿತು ಒಣಗಿದ ಕಣಿಕೆಯ ಎಲೆ ನಡೆಯುತ್ತದೆ. ಗದಗ, ಹಾವೇರಿ ಕಡೆ ಸಿಗುವ ಶೇಂಗಾದ ಒಣಬಳ್ಳಿ ಬೆಳೆಯುವ ಮರಿಗೆ ಪುಷ್ಟಿ. ಆದರೆ ಮಳೆಗೆ ನೆನೆದ ಬಣವಿಯದ್ದಾಗಿದ್ದರೆ ಬೂಷ್ಟಿನ ಅಫ್ಲಾಟಾಕ್ಸಿನ್ ಯಕೃತ್ತನ್ನೇ ಕೆಡಿಸುತ್ತದೆ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಹಾಸಲು ಇಟ್ಟುಕೊಳ್ಳಿ.

ಫೀಡು ಬದಲಿಸುವುದಿದ್ದರೆ ಈ ಹದಿನೈದು ದಿನ ಹಳೆಯದನ್ನೇ ಹಾಕಿ, ಆಮೇಲೆ ಹತ್ತು ದಿನದಲ್ಲಿ ಕಾಲುಭಾಗ, ಅರ್ಧ, ಮುಕ್ಕಾಲು ಎಂದು ಹೊಸದನ್ನು ಬೆರೆಸುತ್ತ ಹೋಗಿ. ನಾರು ಶೇ. 18ಕ್ಕಿಂತ ಹೆಚ್ಚು, ಪ್ರೋಟೀನು ಶೇ. 15-16 ಇರುವ, ಮೊಲಕ್ಕೆಂದೇ ಮಾಡಿದ ಗುಳಿಗೆ ಫೀಡೇ (ಪೆಲೆಟ್) ಆಗಲಿ. ಒಂದು ಕೆಜಿ ತೂಗುವ ಮರಿಗೆ ದಿನಕ್ಕೆ 25-30 ಗ್ರಾಂ, ಎರಡು ಹೊತ್ತು ಹಂಚಿ. ಈ ನಿಧಾನದ ಬದಲಾವಣೆಗೆ ಒಂದು ಅಪವಾದ ಕೋಳಿ ಫೀಡು. ಅದರಲ್ಲಿ ಬೆರೆಸುವ ಸಲಿನೊಮೈಸಿನ್‌ನಂಥ ಔಷಧ ಮೊಲಕ್ಕೆ ವಿಷ. ಮಾರಿದವರು ಅದನ್ನು ಹಾಕುತ್ತಿದ್ದರೆ ಅಂದೇ ನಿಲ್ಲಿಸಿ ಬರೀ ಹುಲ್ಲಿಗೆ ಬನ್ನಿ.

ಸೊಪ್ಪು ಹನ್ನೆರಡು ವಾರ ತುಂಬಿದ ಮೇಲೆ. ಒಂದು ಸಲಕ್ಕೆ ಒಂದೇ ಬಗೆ, 15 ಗ್ರಾಮಿಗಿಂತ ಕಡಿಮೆ. ಮೂರು ದಿನ ಹಿಕ್ಕೆ ಸರಿಯಿದ್ದರೆ ಮಾತ್ರ ಮುಂದಿನದು. ಕೊತ್ತಂಬರಿ, ಪುದೀನಾ, ಮೂಲಂಗಿ ಎಲೆ ಒಳ್ಳೆಯವು. ಗಜ್ಜರಿಯಲ್ಲಿ ಸಕ್ಕರೆ ಜಾಸ್ತಿ, ದೊಡ್ಡದಾದ ಮೇಲೆ ಉಗುರಿನಷ್ಟು ತುಂಡು ಸಾಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ರೊಟ್ಟಿ, ಅನ್ನ ಎಂದೂ ಬೇಡ.

ನೀರು ಭಾರದ ಮಣ್ಣಿನ ಕುಡಿಕೆಯಲ್ಲಿ. ನಳದ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಕುಡಿಕೆ ತೊಳೆಯುವುದನ್ನು ಮಾತ್ರ ದಿನ ಬಿಟ್ಟು ಮಾಡಬೇಡಿ.

ಗೂಡಿನ ತಳ ತಂತಿಯದ್ದಾದರೆ ಪಾದ ಹುಣ್ಣಾಗುತ್ತದೆ, ನುಣುಪು ಫರಸಿಯಾದರೆ ಕಾಲು ಜಾರಿ ಅಗಲುತ್ತವೆ. ಹಳೆಯ ಚಾಪೆಯ ಮೇಲೆ ಹುಲ್ಲು ಹಾಸಿ. ಹುಬ್ಬಳ್ಳಿಯ ಏಪ್ರಿಲ್-ಮೇ ಬಿಸಿಲು 37-38 ಡಿಗ್ರಿ ಮುಟ್ಟುತ್ತದೆ, ಮೊಲಕ್ಕೆ 30ರ ಮೇಲೆಯೇ ಸಂಕಟ ಶುರು. ಅದಕ್ಕೆ ಬೆವರುವುದಕ್ಕಾಗದು, ಹೆಚ್ಚಾಗಿ ಕಿವಿಯಿಂದಲೇ ಶಾಖ ಬಿಡಬೇಕು. ಪತ್ರಾಸಿನ ಕೆಳಗೆ ಗೂಡಿಡದೆ ಒಳಮನೆಗೆ ತನ್ನಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕಕ್ಕಿಡಿ, ಕಿವಿಗೆ ಒದ್ದೆ ಕೈ ಸವರಿ. ನೀರಲ್ಲಿ ಅದ್ದಬಾರದು, ಆ ಗಾಬರಿಯೇ ಜೀವ ತೆಗೆಯಬಲ್ಲದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಕಿವಿ ಹಿಡಿದು ಎತ್ತಿದರೆ ಒದ್ದಾಡಿ ಬೆನ್ನುಮೂಳೆ ಮುರಿದುಕೊಳ್ಳಬಹುದು.

ಹಿಕ್ಕೆಯನ್ನು ದಿನಾ ಬೆಳಿಗ್ಗೆ ಬಳಿಯಿರಿ. ಎಳೆ ಮರಿಗಳನ್ನು ಕಾಡುವ ಕಾಕ್ಸಿಡಿಯಾ ಎಂಬ ಕರುಳಿನ ಪರಜೀವಿಯ ತತ್ತಿ ಹೊರಬಿದ್ದ ಒಂದೆರಡು ದಿನದ ಮೇಲೆ ಸೋಂಕು ಹರಡುವಂತಾಗುತ್ತದೆ, ಅಷ್ಟರೊಳಗೆ ಅದು ಗೂಡಿನಿಂದ ಹೊರಗಿರಬೇಕು. ಒಳ್ಳೆಯ ಹಿಕ್ಕೆ ದುಂಡಗೆ, ಒಣಗಿ, ಮುರಿದರೆ ಒಳಗೆ ಹುಲ್ಲಿನ ಪುಡಿ ಕಾಣುತ್ತದೆ. ಮೆತ್ತಗಿನ ಗೊಂಚಲು ಹಿಕ್ಕೆಯನ್ನು ಮರಿ ತಾನೇ ತಿನ್ನುವುದು ಸಹಜ, ತಡೆಯಬೇಡಿ. ಅದರಿಂದಲೇ ಬಿ ಜೀವಸತ್ವ ಸಿಗುತ್ತದೆ. ಮಳೆಗಾಲದಲ್ಲಿ ಹಿಂಭಾಗ ಒದ್ದೆಯಾಗಿದ್ದರೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳ ಬೀಳಬಹುದು, ದಿನಕ್ಕೆ ಎರಡು ಸಲ ನೋಡಿ.

ಮನೆಯಲ್ಲಿರುವ ಔಷಧ ಮುಟ್ಟಬೇಡಿ. ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು ಮರಿಯನ್ನೇ ಕೊಲ್ಲುತ್ತದೆ. ನಾಯಿಗೆ ಉಣ್ಣೆ ಹುಳ ಹೋಗಲೆಂದು ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ. ಕಜ್ಜಿ ಕಂಡರೆ ಪಶುವೈದ್ಯರಲ್ಲಿಗೇ ಹೋಗಿ. ನೀರು ಭೇದಿಗೆ ಒಂದು ರಾತ್ರಿ ಕಾಯುವಂತಿಲ್ಲ. ಹತ್ತು-ಹನ್ನೆರಡು ತಾಸು ತಿನ್ನದೆ, ಹಿಕ್ಕೆ ಹಾಕದೆ ಹಲ್ಲು ಕಡಿಯುತ್ತ ಗೂನಾಗಿ ಕೂತರೂ ಅಷ್ಟೇ. ಹೊಟ್ಟೆ ಉಬ್ಬಿದ್ದರೆ ಬಾಯಿಗೆ ಏನೂ ತುರುಕಬೇಡಿ. ಬುಟ್ಟಿಯಲ್ಲಿ ಹುಲ್ಲು ಹಾಸಿ, ಕಿವಿ ತಣ್ಣಗಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು ಹೊರಡಿ. ಅಂದಿನ ಹಿಕ್ಕೆಯನ್ನೂ, ಹಾಕುತ್ತಿರುವ ಫೀಡನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.