ಬೀಜಕ್ಕೆ ಬೆಳಕು ಬೇಕಾ? ಮಕ್ಕಳ ಜೊತೆ ನಡೆಸುತ್ತಿರುವ ಪ್ರಯೋಗ, ಇಲ್ಲಿಯವರೆಗೆ

ಐದಾರು ವರ್ಷದ ಮಕ್ಕಳಿಗೆ ‘ಜೀವಿಗಳು ಬದುಕಲು ಏನೇನು ಬೇಕು’ ಎಂದು ಕಲಿಸುವ ಕೆಲಸ ಅರ್ಧ ದಾರಿಗೆ ಬಂದಿದೆ. ನೀರು, ಗಾಳಿ, ಆಹಾರ, ಬೆಳಕು ಎಂದು ಬಾಯಿಪಾಠ ಮಾಡಿಸಿದರೆ ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಆ ಪಟ್ಟಿ ಎಲ್ಲ ಜೀವಿಗೂ, ಎಲ್ಲ ಹೊತ್ತಿಗೂ ಒಂದೇ ಥರ ಹೊಂದುವುದಿಲ್ಲ ಅಲ್ವಾ? ಹಾಗಾಗಿ ಏನು ಬೇಕು ಅಂತ ನಾನು ಹೇಳುವುದಿಲ್ಲ. ಒಂದೊಂದನ್ನೇ ತೆಗೆದು ನೋಡಿ, ಮಕ್ಕಳೇ ಹೇಳಬೇಕು. ನನ್ನ ಹಟ ಅಷ್ಟೇ.

ಶುರು: ಜೀವ ಇದೆಯಾ, ಇಲ್ವಾ?

ಮೊದಲು ಚಿತ್ರಗಳನ್ನು ಕೊಟ್ಟು ಎರಡು ಗುಂಪು ಮಾಡಲು ಹೇಳಿದೆ. ನಾಯಿ, ಮರ, ಕಾರು, ಮೋಡ, ಒಣ ಬೀಜ, ಮೊಟ್ಟೆ, ಉರಿಯುವ ಮೇಣದಬತ್ತಿ. ಮೋಡ ಚಲಿಸುತ್ತದೆ, ಆದ್ದರಿಂದ ಜೀವ ಇದೆ. ಮರ ಸುಮ್ನೆ ನಿಂತಿರುತ್ತದೆ, ಆದ್ದರಿಂದ ಇಲ್ಲ. ಚಿಕ್ಕ ಮಕ್ಕಳು ಚಲನೆಯನ್ನೇ ಜೀವ ಎಂದುಕೊಳ್ಳುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಬರೆದಿದ್ದ. ಅದು ಇಲ್ಲೂ ಹಾಗೇ ಕಂಡಿತು.

ಮೇಣದಬತ್ತಿಯ ಮೇಲೆ ಮಾತ್ರ ಜೋರು ವಾದ ನಡೆಯಿತು. ಅದಕ್ಕೆ ಗಾಳಿ ಬೇಕು, ಮೇಣ ‘ತಿನ್ನುತ್ತದೆ’, ಮುಚ್ಚಿದರೆ ಸಾಯುತ್ತದೆ. “ಒಂದು ದೀಪದಿಂದ ಇನ್ನೊಂದು ಹಚ್ಚಬಹುದು ಅಕ್ಕಾ, ಅದು ಅದರ ಪಾಪು” ಎಂದಳು ಒಬ್ಬಳು. ಎಂಥ ಯೋಚನೆ! ಅದನ್ನು ಅಲ್ಲೇ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ‘ಇನ್ನೂ ಗೊತ್ತಿಲ್ಲ’ ಎಂದು ಮೂರನೇ ಗುಂಪು ಮಾಡಿ ಮೇಣದಬತ್ತಿ, ಬೀಜ, ಮೊಟ್ಟೆ ಮೂರನ್ನೂ ಅಲ್ಲಿಟ್ಟೆವು. ಈ ವಯಸ್ಸಿಗೆ ಇಂಥದ್ದೊಂದು ಗುಂಪು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಲೋಟಗಳು

ಐದು ಲೋಟ, ಎಲ್ಲದರಲ್ಲೂ ಒಂದೇ ಜಾತಿಯ ಹುರುಳಿಕಾಯಿ ಬೀಜ. ಒಂದು ಒದ್ದೆ ಹತ್ತಿಯ ಮೇಲೆ, ಕಿಟಕಿ ಹತ್ತಿರ. ಎರಡನೆಯದೂ ಒದ್ದೆ ಹತ್ತಿಯ ಮೇಲೆಯೇ, ಆದರೆ ಬೀರುವಿನ ಕತ್ತಲಲ್ಲಿ. ಮೂರನೆಯದು ಒಣ ಹತ್ತಿಯ ಮೇಲೆ. ನಾಲ್ಕನೆಯದು ಒದ್ದೆ ಹತ್ತಿಯೊಂದಿಗೆ ಫ್ರಿಜ್ಜಿನಲ್ಲಿ. ಐದನೆಯದರಲ್ಲಿ ಬೀಜ ಪೂರ್ತಿ ಮುಳುಗಿದೆ. ಕುದಿಸಿ ಆರಿಸಿದ ನೀರು, ಮೇಲೆ ಒಂದು ಪದರ ಎಣ್ಣೆ. ಕುದಿಸಿದಾಗ ನೀರಿನಲ್ಲಿ ಕರಗಿರುವ ಗಾಳಿ ಹೊರಟುಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ತಡೆಯುತ್ತದೆ. ಓದಲು ಬಾರದ ಮಕ್ಕಳಿಗಾಗಿ ಲೋಟಗಳ ಮೇಲೆ ಅವರಿಂದಲೇ ಚಿತ್ರ ಬರೆಸಿದೆ. ಸೂರ್ಯನ ಮೇಲೆ ಕಾಟು ಹೊಡೆದರೆ ‘ಬೆಳಕಿಲ್ಲ’, ಹನಿಯ ಮೇಲೆ ಕಾಟು ಹೊಡೆದರೆ ‘ನೀರಿಲ್ಲ’.

ಯಾವುದು ಮೊಳೆಯುತ್ತದೆ ಅಂತ ಮೊದಲೇ ಕೈ ಎತ್ತಿಸಿದೆ. ಕತ್ತಲ ಲೋಟಕ್ಕೆ ಯಾರೂ ಕೈ ಎತ್ತಲಿಲ್ಲ.

ಬೀರು ತೆರೆದಾಗ

ಕತ್ತಲಲ್ಲಿದ್ದ ಬೀಜಗಳೇ ಎಲ್ಲಕ್ಕಿಂತ ಉದ್ದ ಬೆಳೆದಿದ್ದವು! ಕಾಂಡ ಬಿಳುಚಿಕೊಂಡು ಸಣ್ಣಗಾಗಿತ್ತು. ತುದಿಯಲ್ಲಿ ಹಳದಿ ಎಲೆಗಳು ಇನ್ನೂ ಮಡಚಿಕೊಂಡೇ ಇದ್ದವು. ಕಿಟಕಿ ಹತ್ತಿರದ ಸಸಿ ಗಿಡ್ಡ, ಆದರೆ ಗಟ್ಟಿ ಮತ್ತು ಹಸಿರು. ಮಕ್ಕಳು ಎರಡನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. “ಊಟ ಇಲ್ದೆ ಅದು ಹೇಗೆ ಉದ್ದ ಆಯ್ತು?” ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ.

ರಾತ್ರಿ ನೆನೆಸಿಟ್ಟ ಬೀಜಗಳನ್ನು ಕೈಗೆ ಕೊಟ್ಟೆ. ಸಿಪ್ಪೆ ಉಗುರಿನಲ್ಲೇ ಸುಲಿಯಿತು. ಬೇಳೆ ಎರಡು ಹೋಳಾಗಿ ಬಿಚ್ಚಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಹೋಳುಗಳ ನಡುವೆ, ಅಂಚಿಗೆ ಅಂಟಿಕೊಂಡು, ಒಂದು ಪುಟಾಣಿ ಬೇರು ಮತ್ತು ನರಗಳು ಕಾಣುವ ಎರಡು ಎಲೆ. ಮೊಳೆಯುವ ಮೊದಲೇ ಎಲೆ ಇದೆ! ಆ ದಪ್ಪ ಬೇಳೆಯೇ ಗಿಡದ ಮೊದಲ ಬುತ್ತಿ. ಅದು ಖಾಲಿಯಾಗುವವರೆಗೆ ಬೆಳಕಿಲ್ಲದೆಯೂ ನಡೆಯುತ್ತದೆ. ಕತ್ತಲಲ್ಲಿ ಸಸಿ ಆ ಬುತ್ತಿಯನ್ನೆಲ್ಲ ಉದ್ದವಾಗುವುದಕ್ಕೇ ಸುರಿಯುತ್ತದೆ, ಬೆಳಕು ಸಿಗುವ ಜಾಗ ಮುಟ್ಟಲು. ಅಷ್ಟರಲ್ಲಿ ಬೆಳಕು ಸಿಗದಿದ್ದರೆ ಸಾಯುತ್ತದೆ. ಅಂದರೆ ಹುರುಳಿಕಾಯಿ ಬೀಜ ಮೊಳೆಯಲು ಬೆಳಕು ಬೇಡ, ಗಿಡವಾಗಿ ಬದುಕಲು ಬೇಕೇ ಬೇಕು. ಕೆಲವು ಜಾತಿಯ ಬೀಜಗಳಿಗೆ ಮೊಳೆಯಲೂ ಬೆಳಕು ಬೇಕು. ಲೆಟ್ಯೂಸಿನ ಹಲವು ತಳಿಗಳು ಹಾಗೇ. ಅದನ್ನು ಇನ್ನೊಮ್ಮೆ ತೋರಿಸುತ್ತೇನೆ.

ಮುಳುಗಿದ ಬೀಜಗಳು ಮೊಳೆಯಲಿಲ್ಲ. ನೀರು ಮಬ್ಬಾಗಿ ಕೊಳೆತ ವಾಸನೆ ಬಂತು. “ಉಸಿರು ಕಟ್ಟಿಹೋಯ್ತು” ಎಂದು ಅವರೇ ಹೇಳಿದರು. ಫ್ರಿಜ್ಜಿನದು ಊದಿಕೊಂಡಿತ್ತು, ಅಷ್ಟೇ. ಬೆಚ್ಚಗಿರುವುದೂ ಒಂದು ಅಗತ್ಯ. ಅದು ಪಾಠದ ಪಟ್ಟಿಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ಒಣ ಲೋಟದ ಬೀಜ ಸತ್ತಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಅದಕ್ಕೆ ನೀರು ಹಾಕಿಸಿದೆ. ಕೆಲವು ದಿನಗಳಲ್ಲಿ ಮೊಳಕೆ ಬಂತು. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತ ಸಂಗತಿಯನ್ನು ಆಗ ಹೇಳಿದೆ. 2000 ಅಂದರೆ ಎಷ್ಟು ಅಂತ ಅವರಿಗೆ ಅಂದಾಜಿಲ್ಲ. “ಅಜ್ಜಿಯ ಅಜ್ಜಿಗಿಂತ ಮುಂಚೆ” ಎಂದಾಗ ಕಣ್ಣರಳಿಸಿದರು. ಬೀಜದ ಚಿತ್ರ ‘ಗೊತ್ತಿಲ್ಲ’ ಗುಂಪಿನಿಂದ ‘ಜೀವ ಇದೆ’ ಗುಂಪಿಗೆ ಹೋಯಿತು.

ಗಿಡ ಏನು ತಿನ್ನುತ್ತೆ?

“ಮಣ್ಣು.” ದೊಡ್ಡವರೂ ಎಷ್ಟೋ ಜನ ಇದನ್ನೇ ಹೇಳುತ್ತಾರೆ. 17ನೇ ಶತಮಾನದ ವಿಜ್ಞಾನಿ ಯಾನ್ ಬ್ಯಾಪ್ಟಿಸ್ಟ್ ವ್ಯಾನ್ ಹೆಲ್ಮಾಂಟ್ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, 5 ವರ್ಷ ನೀರು ಮಾತ್ರ ಹಾಕಿದ. ಮರ ಸುಮಾರು 169 ಪೌಂಡ್ ಆಯಿತು, ಮಣ್ಣು ಕಮ್ಮಿಯಾಗಿದ್ದು ಬರೀ 2 ಔನ್ಸ್‌ನಷ್ಟು. ಎಲ್ಲವೂ ನೀರಿನಿಂದಲೇ ಬಂತು ಎಂದುಕೊಂಡ. ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ. ಮಕ್ಕಳಿಗೆ ನಾನು ಇಷ್ಟೇ ಹೇಳಿದೆ: ಗಿಡ ಗಾಳಿ, ನೀರು, ಬೆಳಕು ಸೇರಿಸಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಮಣ್ಣಿನಿಂದ ಚೂರು ಲವಣ ತಗೊಳ್ಳುತ್ತದೆ. ಹತ್ತಿಯ ಮೇಲೆ ಬೆಳೆದ ಸಸಿ ಕಣ್ಣ ಮುಂದೆಯೇ ಇದ್ದುದರಿಂದ ಮಣ್ಣಿಲ್ಲದೆ ಶುರುವಾಗಬಹುದು ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

ಎರೆಹುಳು

ಬೀಜದ ನೀರು ತಪ್ಪಿಸಬಹುದು, ಪ್ರಾಣಿಯದನ್ನು ಖಂಡಿತ ಇಲ್ಲ. ಇದು ನಮ್ಮ ಗುಂಪಿನ ಕಟ್ಟುನಿಟ್ಟಿನ ನಿಯಮ. ಪ್ರಾಣಿಗಳ ವಿಷಯದಲ್ಲಿ ಬೇಕಾದ್ದನ್ನೆಲ್ಲ ಕೊಟ್ಟು, ಅವು ಏನನ್ನು ಆರಿಸಿಕೊಳ್ಳುತ್ತವೆ ಎಂದು ನೋಡುತ್ತೇವೆ. ಉದ್ದನೆ ತಟ್ಟೆಯಲ್ಲಿ ಅರ್ಧ ಒದ್ದೆ ಕಾಗದ, ಅರ್ಧ ಒಣ ಕಾಗದ. ಮಧ್ಯದಲ್ಲಿ ಎರೆಹುಳು. ತಲೆ ಆಚೆ ಈಚೆ ಆಡಿಸಿ, ಮೈ ಹಿಗ್ಗಿಸಿ ಕುಗ್ಗಿಸಿ, ಒದ್ದೆ ಕಡೆಗೇ ಹೊರಟಿತು. ಅದಕ್ಕೆ ಶ್ವಾಸಕೋಶ ಇಲ್ಲ, ಉಸಿರಾಟವೆಲ್ಲ ಒದ್ದೆ ಚರ್ಮದಿಂದಲೇ. ಒಣಗಿದರೆ ಉಸಿರು ನಿಂತಂತೆ. ಬೆಳಕೂ ಅದಕ್ಕೆ ಆಗುವುದಿಲ್ಲ. ನೋಡಿದ ಕೂಡಲೇ ನೆರಳಿನ ಹಸಿ ಮಣ್ಣಿಗೆ ಬಿಟ್ಟು ಬಂದೆವು.

ಈಗ ನಡೆಯುತ್ತಿರುವುದು

ಕತ್ತಲ ಲೋಟವನ್ನು ಕಿಟಕಿಗೆ ತಂದಿಟ್ಟಿದ್ದೇವೆ. ಎಲೆ ಬಿಚ್ಚಿಕೊಂಡು ಹಸಿರಾಗುತ್ತಿದೆ. ಕಾಂಡ ಮಾತ್ರ ನರಪೇತಲವಾಗೇ ಇದೆ, ಕಡ್ಡಿ ಕಟ್ಟಿದ್ದೇವೆ. ‘ಬೇಕೇ ಬೇಕು’ ಮತ್ತು ‘ಇದ್ರೆ ಚೆನ್ನ’ ಎಂಬ ಪಟ್ಟಿಯೂ ಶುರುವಾಗಿದೆ. ಅದರಲ್ಲಿ ‘ಅಮ್ಮ’ ಎಲ್ಲಿರಬೇಕು ಎಂಬುದು ಇನ್ನೂ ಬಗೆಹರಿದಿಲ್ಲ. ಬೆಕ್ಕಿನ ಮರಿಗೆ ಅಮ್ಮ ಬೇಕೇ ಬೇಕು. ಕಡಲಾಮೆ ಮರಿ ಅಮ್ಮನನ್ನು ನೋಡದೆಯೇ ಸಮುದ್ರ ಸೇರುತ್ತದೆ ಎಂದಾಗ ಒಬ್ಬ ಹುಡುಗ ಅದನ್ನು ಒಪ್ಪಲೇ ಇಲ್ಲ.

ಮುಂದಿನ ಸಲ ಯೀಸ್ಟ್. ಬಾಟಲಿಯಲ್ಲಿ ಬೆಚ್ಚಗಿನ ನೀರು, ಸಕ್ಕರೆ, ಯೀಸ್ಟ್, ಬಾಯಿಗೆ ಬಲೂನು. ಇನ್ನೊಂದು ಬಾಟಲಿ ಸಕ್ಕರೆ ಇಲ್ಲದೆ. ಅಲ್ಲಾಡದ, ಎಲೆಯಿಲ್ಲದ ಆ ಪುಡಿಯನ್ನು ಯಾವ ಗುಂಪಿಗೆ ಹಾಕುತ್ತಾರೆ ಎಂದು ಬಲೂನು ಕಟ್ಟುವ ಮೊದಲೇ ಕೇಳಿ ಬರೆದಿಡಬೇಕು.